ನಾಲ್ಕನೇ ಮೇಜು

ದೊಡ್ಡಕ್ಕ ಕಣ್ಣಿಗೆ ಹನಿ ಹಾಕಿಕೊಂಡು, ತಲೆಯನ್ನು ಕುರ್ಚಿಯ ಬೆನ್ನಿಗೆ ಒರಗಿಸಿ, ರೆಪ್ಪೆ ಮುಚ್ಚಿ ಕೂತಿದ್ದ ಒಂದು ನಿಮಿಷದಲ್ಲಿ ಮೂರನೇ ಮೇಜಿನವಳು ನಾಲ್ಕನೇ ಮೇಜಿನ ಕಂಪ್ಯೂಟರ್ ಪರದೆಯನ್ನು ಓದಿಬಿಟ್ಟಳು. ಓದಬೇಕೆಂದು ಎದ್ದವಳಲ್ಲ. ನೀರು ತರಲು ಹೊರಟವಳು, ಆ ಮೇಜಿನ ಹತ್ತಿರ ಬಂದಾಗ ಕಾಲು ನಿಧಾನವಾಯಿತು, ಅಷ್ಟೆ. ಪರದೆಯ ಮೇಲೆ ಆರು ಕೆಂಪು ಸಾಲುಗಳಿದ್ದವು. ಹಿಂದಿನ ದಿನ ಸಂಜೆ ಐದಿದ್ದವು.

ಆರನೆಯದು ಗಿರಗಿಟ್ಟಲೆ.

"ಏನೇ, ಏನಾದ್ರೂ ಬೇಕಿತ್ತಾ?" ದೊಡ್ಡಕ್ಕ ಕಣ್ಣು ತೆರೆಯದೆಯೇ ಕೇಳಿದರು.

"ಇಲ್ಲ ದೊಡ್ಡಕ್ಕ, ನೀರು ತರೋಕೆ ಹೊರಟೆ."

ದೊಡ್ಡಕ್ಕ ಒಂದು ಕಣ್ಣನ್ನು ಮಾತ್ರ ತೆರೆದರು. ಅದರ ಕೊನೆಯಿಂದ ಹನಿಯೊಂದು ಕೆನ್ನೆಗೆ ಇಳಿಯಿತು. "ಬಾಟಲಿ ಇಲ್ದೇನೇ?"

ಅವಳು ತನ್ನ ಖಾಲಿ ಕೈ ನೋಡಿಕೊಂಡು ವಾಪಸು ಹೋಗಿ ಕೂತಳು. ಎರಡನೇ ಮೇಜಿನವನು ತಲೆ ಎತ್ತದೆಯೇ ನಕ್ಕ. ಅವಳಿಗೆ ಡೌಟಮ್ಮ ಎಂದು ಹೆಸರಿಟ್ಟವನು ಅವನೇ. ಮೊದಮೊದಲು ಬೆನ್ನ ಹಿಂದೆ ಓಡಾಡುತ್ತಿದ್ದ ಹೆಸರು ಈಗ ಎದುರೇ ಓಡಾಡುತ್ತಿತ್ತು. ಅವಳೂ ಅದಕ್ಕೆ ಓಗೊಡುವುದನ್ನು ಕಲಿತಿದ್ದಳು.

ಆ ಕೋಣೆಯಲ್ಲಿ ನಾಲ್ಕು ಮೇಜುಗಳು, ಮೂಲೆಯಲ್ಲಿ ಮುಖ್ಯಸ್ಥರ ಗಾಜಿನ ಗೂಡು. ಕಿಟಕಿಗಳಿಗೆ ಬೂದು ಪರದೆ, ಹಗಲಲ್ಲೂ ಇಳಿಬಿಟ್ಟೇ ಇರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಇವರು ಬರುವ ಹೊತ್ತಿಗೆ ಎಲ್ಲೆಲ್ಲೋ ಇರುಳಾಗಿರುತ್ತಿತ್ತು. ಒಂದು ಬೆಟ್ಟದ ಮೇಲೆ, ಒಂದು ದ್ವೀಪದಲ್ಲಿ, ಒಂದು ಮರಳುಗಾಡಿನಲ್ಲಿ ನಿಂತ ಟೆಲಿಸ್ಕೋಪುಗಳು ಆಕಾಶದ ಒಂದೊಂದೇ ತುಂಡನ್ನು ಬಿಟ್ಟು ಬಿಟ್ಟು ಐದು ಸಲ ಚಿತ್ರ ತೆಗೆದು ಕಳಿಸುತ್ತಿದ್ದವು. ಐದು ಚಿತ್ರಗಳಲ್ಲೂ ಇದ್ದಲ್ಲೇ ಇದ್ದದ್ದು ನಕ್ಷತ್ರ. ಜರುಗಿದ್ದು ಇವರ ಪಾಲಿನದು. ಭೂಮಿಗೂ ಚಂದ್ರನಿಗೂ ನಡುವೆ ಸುತ್ತುತ್ತಿರುವ ನೂರಾರು ವಸ್ತುಗಳಲ್ಲಿ, ಉರಿದು ಮುಗಿದ ರಾಕೆಟ್ಟಿನ ತುಂಡುಗಳಲ್ಲಿ, ಸತ್ತ ಉಪಗ್ರಹಗಳಲ್ಲಿ, ಕಳಚಿಬಿದ್ದ ಮುಚ್ಚಳ ತಗಡುಗಳಲ್ಲಿ ಆ ಚುಕ್ಕೆ ಯಾವುದೆಂದು ಗುರುತು ಹಿಡಿದು, ಅದರ ಹೆಸರಿನ ಮುಂದೆ ಆ ದಿನದ ಗೆರೆ ಎಳೆಯಬೇಕು. ಮೂವತ್ತು ದಿನ ಗೆರೆ ಬೀಳದಿದ್ದರೆ ಸಾಲು ತಾನಾಗಿ ಕೆಂಪಾಗುತ್ತಿತ್ತು. ಕೆಂಪಾಯಿತೆಂದರೆ ಕಳೆದುಹೋಯಿತೆಂದು ಲೆಕ್ಕ.

ಒಂದು ಮತ್ತು ಎರಡನೇ ಮೇಜಿಗೆ ಹತ್ತಿರದ ವಸ್ತುಗಳು. ಮೂರನೆಯದು ಅವಳದು, ನಡುದಾರಿ. ನಾಲ್ಕನೆಯದು ಚಂದ್ರನ ನೆರೆಹೊರೆ. ಅಲ್ಲಿ ಚಂದ್ರ ಎಲ್ಲವನ್ನೂ ತನ್ನ ಕಡೆಗೆ ಜಗ್ಗುತ್ತಾನೆ, ದಾರಿ ತಿರುಚುತ್ತಾನೆ. ನಾಲ್ಕು ದಿನ ನೋಡದೆ ಬಿಟ್ಟರೆ ಐದನೇ ದಿನ ಎಲ್ಲಿ ಹುಡುಕಬೇಕೆಂದು ಹೇಳುವುದೇ ಕಷ್ಟ. ಆ ಮೇಜಿಗೆ ಹದಿನೇಳು ವರ್ಷದಿಂದ ದೊಡ್ಡಕ್ಕ ಕೂತಿದ್ದರು. ಅವಳಿಗೆ ಕೆಲಸ ಕಲಿಸಿದವರೂ ಅವರೇ. ಕೈಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಹತ್ತು ಡಿಗ್ರಿ ಮುಚ್ಚುತ್ತದೆ ಎಂದು ಮಹಡಿಯ ಮೇಲೆ ನಿಲ್ಲಿಸಿ ತೋರಿಸಿದವರು. ವಸ್ತುಗಳಿಗೆಲ್ಲ ಉದ್ದುದ್ದ ಸಂಖ್ಯೆಗಳಿದ್ದರೂ ಕೋಣೆಯಲ್ಲಿ ನಡೆಯುತ್ತಿದ್ದದ್ದು ದೊಡ್ಡಕ್ಕ ಇಟ್ಟ ಹೆಸರುಗಳು: ಡಬ್ಬ, ಮುಚ್ಚಳ, ಸೋಮಾರಿ, ಒಂದರ ಹಿಂದೊಂದು ಬಿಗುಮಾನದಿಂದ ಬರುವ ಬೀಗರು, ತಿರುಗುತ್ತ ತಿರುಗುತ್ತ ಮಿನುಗಿ ಮಂಕಾಗುವ ಬಸ್ಸಿನಷ್ಟು ದೊಡ್ಡ ಖಾಲಿ ರಾಕೆಟ್ಟು ಗಿರಗಿಟ್ಟಲೆ.

ಗಿರಗಿಟ್ಟಲೆಯನ್ನು ಮೂವತ್ತೆರಡು ದಿನದ ಹಿಂದೆ ಅವಳೇ ನಾಲ್ಕನೇ ಮೇಜಿಗೆ ಒಪ್ಪಿಸಿದ್ದಳು. ಶಾಲೆಯ ಗೇಟಿನ ತನಕ ಮಗುವನ್ನು ಕೈಹಿಡಿದು ಕರೆದೊಯ್ದು ಒಳಗೆ ಬಿಟ್ಟ ಹಾಗೆ. ಅದಕ್ಕೂ ಮೊದಲು ಇನ್ನೈದನ್ನು ಹೀಗೇ ಬಿಟ್ಟಿದ್ದಳು. ಆರೂ ಒಳಗೆ ಹೋದವು ಹೋದವೇ.

ದೊಡ್ಡಕ್ಕ ಕಣ್ಣಿನ ಆಪರೇಷನ್ನಿಗೆಂದು ಆರು ವಾರ ರಜೆ ಹಾಕಿದ್ದರು. ಬಂದು ಎರಡೂವರೆ ತಿಂಗಳಾಗಿತ್ತು. ಬಂದ ತಿಂಗಳಿಗೆ ಸರಿಯಾಗಿ ಮೊದಲ ಸಾಲು ಕೆಂಪಾಯಿತು. ಅಂದಿನಿಂದ ಅವಳು ನೋಡತೊಡಗಿದಳು. ದೊಡ್ಡಕ್ಕನ ಗದ್ದ ಪರದೆಗೆ ತಾಗುವಷ್ಟು ಮುಂದೆ ಬಾಗಿರುತ್ತಿತ್ತು. ಅಂಗೈಯಿಂದ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವರು, ಆಮೇಲೆ ಕೈ ಬದಲಿಸುವರು. ಯಾರಾದರೂ ಹಾದುಹೋದರೆ ತೊಡೆಯ ಮೇಲಿನ ಸಣ್ಣ ನೋಟುಪುಸ್ತಕ ಸದ್ದಿಲ್ಲದೆ ಡ್ರಾಯರಿಗೆ ಸರಿಯುತ್ತಿತ್ತು. ನಾಲ್ಕು ಗಂಟೆಗೆ ಎಲ್ಲರೂ ಎದ್ದರೂ ಅವರು ಏಳುತ್ತಿರಲಿಲ್ಲ. "ನೀವು ನಡೀರಿ, ನನಗೊಂಚೂರು ಇದೆ" ಎನ್ನುತ್ತಿದ್ದರು. ಆ ಒಂಚೂರು ಏನೆಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ, ಆ ಉತ್ತರವನ್ನು ನಂಬಬೇಕಾಗುತ್ತದೆ.

ಕೇಳುವ ಬದಲು ಅವಳು ಒಂದು ವಾರದ ತಿರಸ್ಕೃತ ಚುಕ್ಕೆಗಳ ಕಡತ ತೆರೆದಳು. ಕಸ, ಕಲೆ, ಬೆಳಕಿನ ಪ್ರಭೆ ಎಂದು ಬಿಟ್ಟ ಪ್ರತಿಯೊಂದು ಚುಕ್ಕೆಯೂ ಅಲ್ಲಿ ಮೇಜಿನ ಸಂಖ್ಯೆ ಮತ್ತು ಕಾರಣದೊಂದಿಗೆ ದಾಖಲಾಗುತ್ತಿತ್ತು. ಅದನ್ನು ಓದುವವರು ಯಾರೂ ಇರಲಿಲ್ಲ. ಉಳಿದ ಮೂರು ಮೇಜುಗಳಿಂದ ಹತ್ತೋ ಹನ್ನೆರಡೋ ಇದ್ದವು. ನಾಲ್ಕನೆಯದರಿಂದ ನೂರ ನಲವತ್ತು. ಎಲ್ಲದಕ್ಕೂ ಒಂದೇ ಕಾರಣ: ಚಂದ್ರನ ಪ್ರಭೆ. ಚುಕ್ಕೆಗಳನ್ನು ತೆರೆದು ನೋಡಲು ಆ ಮೇಜಿನಿಂದ ಮಾತ್ರ ಸಾಧ್ಯ. ಆದರೆ ತೆರೆದು ನೋಡುವುದೇನಿದೆ ಎನ್ನಿಸಿತು ಅವಳಿಗೆ. ಕಣ್ಣಿಗೆ ಸರಿಯಾಗಿ ಕಾಣದ್ದನ್ನೆಲ್ಲ ಪ್ರಭೆ ಎಂದು ಒತ್ತಿ ದಾಟಿಸುತ್ತಿದ್ದಾರೆ. ಬೇರೆ ಏನಿರಲು ಸಾಧ್ಯ?

ಸೋಮವಾರ ಮುಖ್ಯಸ್ಥರು ಅವಳನ್ನು ಗಾಜಿನ ಗೂಡಿಗೆ ಕರೆದರು. ಶುಕ್ರವಾರ ಚಂದ್ರನತ್ತ ಹೊಸ ಗಗನನೌಕೆಯೊಂದು ಹೊರಡಲಿತ್ತು. ಕೋಣೆಯಲ್ಲಿ ಎಲ್ಲರೂ ಅದನ್ನು ಗಾಡಿ ಎಂದೇ ಕರೆಯುತ್ತಿದ್ದರು. ಅದರ ದಾರಿಗೆ ಏನೂ ಅಡ್ಡವಿಲ್ಲವೆಂದು ಈ ಕೋಣೆಯಿಂದ ಸಹಿ ಹೋಗಬೇಕು.

"ನೋಡಮ್ಮ, ಸುತ್ತಿ ಬಳಸಿ ಕೇಳಲ್ಲ ನಾನು," ಎಂದರು ಮುಖ್ಯಸ್ಥರು. "ಆರು ಹೋಗಿವೆ. ಎಲ್ಲಿವೆ ಅಂತ ಗೊತ್ತಿಲ್ದೆ ಅಡ್ಡ ಇಲ್ಲ ಅಂತ ಹೆಂಗೆ ಬರೆಯೋದು? ಆರೂ ನಿಮ್ಮ ಮೇಜಿಂದ ಹೋದವು."

"ನಾನು ಒಪ್ಪಿಸಿದಾಗ ಸರಿಯಾಗಿದ್ವು ಸರ್."

"ದೊಡ್ಡಕ್ಕನೂ ಅದನ್ನೇ ಹೇಳಿದ್ರು. ಹುಡುಗಿ ಸರಿಯಾಗೇ ಕೊಟ್ಟಿದಾಳೆ, ಅವಳನ್ನ ಏನೂ ಕೇಳಬೇಡಿ ಅಂದ್ರು."

ಅವಳ ಚೀಲದಲ್ಲಿ ನಾಲ್ಕು ಮಡಿಕೆಯಾಗಿದ್ದ ಹಾಳೆಯೊಂದಿತ್ತು. ನಾಲ್ಕು ದಿನದಿಂದ ಇತ್ತು. ಅದನ್ನು ಹೊರತೆಗೆಯುವಾಗ ಬೆರಳುಗಳು ತನ್ನವಲ್ಲವೆಂಬಂತೆ ಚುರುಕಾಗಿದ್ದವು. "ಇದನ್ನ ಕೊಡಬೇಕೋ ಬೇಡ್ವೋ ಅಂತ ಯೋಚನೆ ಮಾಡ್ತಿದ್ದೆ ಸರ್."

ಮುಖ್ಯಸ್ಥರು ಹಾಳೆ ಓದಿದರು. ನೂರ ನಲವತ್ತರ ಮೇಲೆ ಪೆನ್ನಿನ ತುದಿ ಇಟ್ಟು ಒಂದು ಸುತ್ತು ಹಾಕಿದರು. "ಆಪರೇಷನ್ ಆದ ಕಣ್ಣು," ಎಂದರು ಕೊನೆಗೆ. ಗೂಡಿನ ಆಚೆ ದೊಡ್ಡಕ್ಕ ಎಂದಿನಂತೆ ಮುಂದೆ ಬಾಗಿ ಕೂತಿದ್ದರು.

ದೊಡ್ಡಕ್ಕ ಒಳಗೆ ಹೋಗಿ ಐದೇ ನಿಮಿಷದಲ್ಲಿ ಹೊರಗೆ ಬಂದರು. ಕನ್ನಡಕದ ಡಬ್ಬಿ, ಕಣ್ಣಿನ ಹನಿ, ಬೆನ್ನಿಗಿಟ್ಟುಕೊಳ್ಳುವ ಸಣ್ಣ ದಿಂಬು ಎತ್ತಿಕೊಂಡರು. ಕಣ್ಣಿನ ಪರೀಕ್ಷೆ ಆಗುವ ತನಕ ಕೆಳಗಿನ ಮಹಡಿಯ ಹಳೆಯ ಡಿಸ್ಕುಗಳ ಕೋಣೆಗೆ. ಪರೀಕ್ಷೆ ಯಾವಾಗ ಎಂದು ಯಾರೂ ಬರೆದಿರಲಿಲ್ಲ.

"ಎಲ್ಲಿಗೆ ದೊಡ್ಡಕ್ಕ, ನಮ್ಮನ್ನೆಲ್ಲ ಬಿಟ್ಟು?" ಎರಡನೇ ಮೇಜಿನವನು ಎದ್ದು ನಿಂತ. ಅವನ ನಗು ಅರ್ಧದಲ್ಲೇ ನಿಂತಿತ್ತು.

"ಕೆಳಗೆ. ತಂಪಾಗಿರುತ್ತೆ. ನಿನ್ನ ಬಾಯಿ ಅಲ್ಲೀತನಕ ಕೇಳಿಸಲ್ಲ, ಅದೇ ದೊಡ್ಡ ಸುಖ." ಆಮೇಲೆ ಅವಳ ಕಡೆ ತಿರುಗಿದರು. "ಬೇಜಾರು ಮಾಡ್ಕೋಬೇಡ ಕಣೆ. ನಾಲ್ಕು ದಿನದಿಂದ ನೋಡ್ತಿದೀನಿ, ಬುತ್ತಿ ತೆರೀತೀಯ, ಹಾಗೇ ಮುಚ್ತೀಯ. ಕೊಡಬೇಕಾಗಿದ್ದನ್ನೇ ಕೊಟ್ಟಿದೀಯ."

"ಡಾಕ್ಟರು ಏನಂತಾರೆ?" ಎಂದಳು.

"ಚೆನ್ನಾಗಿದೆ ಅಂತಾರೆ. ಅವರಿಗೇನು, ಅಷ್ಟಗಲದ ಅಕ್ಷರ ತೋರಿಸ್ತಾರೆ." ದೊಡ್ಡಕ್ಕ ದನಿ ತಗ್ಗಿಸಿದರು. "ನನ್ನ ಕಣ್ಣೇ ಇರಬೇಕು. ಸ್ಕೂಟರ್ ಬಿಟ್ಟು ತಿಂಗಳಾಯ್ತು, ಗೊತ್ತಾ? ರಸ್ತೆ ಖಾಲಿ ಕಾಣುತ್ತೆ. ಖಾಲಿ ಇದೆಯೋ ನನಗೆ ಕಾಣ್ತಿಲ್ವೋ ಅಂತ ನಿಂತುಬಿಡ್ತೀನಿ. ಹಿಂದಿನೋರು ಹಾರನ್ ಹೊಡೀತಾರೆ." ಡ್ರಾಯರಿನಿಂದ ನೋಟುಪುಸ್ತಕ ತೆಗೆದು ಅವಳ ಕೈಗಿಟ್ಟರು. "ಆರೂ ದಿನಾ ಎಲ್ಲೆಲ್ಲಿ ಇರಬೇಕಿತ್ತು ಅಂತ ಕೈಯಲ್ಲೇ ಲೆಕ್ಕ ಹಾಕಿ ಬರೆದಿದೀನಿ. ಸಂಜೆ ಕೂತು ಹುಡುಕ್ತಿದ್ದೆ. ನನಗೆ ಸಿಗಲಿಲ್ಲ. ನಿನ್ನ ಕಣ್ಣು ಎಳೇದು, ನೋಡು."

ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ಮೆಟ್ಟಿಲಿಳಿದರು. ಪ್ರತಿ ಮೆಟ್ಟಿಲಿನ ಅಂಚನ್ನೂ ಮೊದಲು ಕಾಲ ಬೆರಳಿನಿಂದ ತಡವಿ ನೋಡುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಅವಳನ್ನೇ ನಾಲ್ಕನೇ ಮೇಜಿಗೆ ಕೂರಿಸಿದರು. ಕುರ್ಚಿ ದೊಡ್ಡಕ್ಕನ ಎತ್ತರಕ್ಕೇ ಇತ್ತು. ಅವಳು ಅದನ್ನು ತಿರುಗಿಸಿ ಇಳಿಸಲಿಲ್ಲ. ನೋಟುಪುಸ್ತಕ ತೆರೆದಳು. ಪುಟ ಪುಟವೂ ಸಣ್ಣ ಉರುಟಾದ ಅಂಕಿಗಳು, ಒಂದೂ ಸಾಲು ಬಿಟ್ಟು ಓಡಿರಲಿಲ್ಲ. ಕಣ್ಣು ಕಾಣದವರ ಬರವಣಿಗೆ ಹೀಗಿರುತ್ತದೆಯೇ ಎಂಬ ಪ್ರಶ್ನೆ ಬಂತು. ಅದನ್ನು ಅವಳು ಪಕ್ಕಕ್ಕಿಟ್ಟಳು.

ಗಿರಗಿಟ್ಟಲೆ ಆ ದಿನ ಇರಬೇಕಾದ ಜಾಗಕ್ಕೆ ಹೋದಳು. ಏನೂ ಇರಲಿಲ್ಲ. ಡಬ್ಬ ಇರಬೇಕಾದ ಜಾಗ. ಏನೂ ಇಲ್ಲ. ಸೋಮಾರಿ. ಇಲ್ಲ. ಮೇಜಿಗೆ ಬರುವುದು ಯಂತ್ರ ತೊಳೆದು ಕಳಿಸಿದ ಚಿತ್ರ, ಉಳಿದ ಚುಕ್ಕೆಗಳಷ್ಟೇ ಅದರಲ್ಲಿ ಕಾಣುತ್ತವೆ. ಹಿಂದಿನ ವಾರಕ್ಕೆ ಹೋದಳು, ಅದರ ಹಿಂದಿನ ವಾರಕ್ಕೆ ಹೋದಳು. ಚಂದ್ರನ ಸುತ್ತಲಿನ ಆಕಾಶ ಒರೆಸಿಟ್ಟ ಕಲ್ಲಿನ ಹಾಗೆ ನುಣ್ಣಗಿತ್ತು. ದೊಡ್ಡಕ್ಕ ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಏನೂ ಕಾಣುತ್ತಿರಲಿಲ್ಲ.

ಅವಳು ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಎದ್ದುಬಿಡುತ್ತಿದ್ದಳೇನೋ. ಅವಳಿಗೆ ಆ ನುಣುಪೇ ಹಿಡಿಸಲಿಲ್ಲ. ಚಂದ್ರನ ಹತ್ತಿರ ಬೆಳಕು ಚೆಲ್ಲಿ ಸುಳ್ಳು ಚುಕ್ಕೆಗಳಾದರೂ ಇರಬೇಕು. ಹತ್ತಕ್ಕೆ ಎಂಟು ಸುಳ್ಳಿರಲಿ, ಇರಬೇಕು. ಇಲ್ಲಿ ಒಂದು ಸುಳ್ಳೂ ಇರಲಿಲ್ಲ. ಇಷ್ಟು ಚೊಕ್ಕಟ ಹೇಗೆ ಸಾಧ್ಯ? ಯಾರೋ ಗುಡಿಸಿದ್ದಾರೆ.

ಮೇಜಿನ ನಿಯಮಗಳ ಪುಟ ತೆರೆದಳು. ವರ್ಷಕ್ಕೊಮ್ಮೆಯೂ ಯಾರೂ ತೆರೆಯದ ಪುಟ. ಚಂದ್ರನ ಪ್ರಭೆಗೆಂದು ಸುತ್ತ ಬಿಡುವ ವೃತ್ತ ಐದು ಡಿಗ್ರಿ ಇರಬೇಕಿತ್ತು. ಹದಿನೈದು ಎಂದಿತ್ತು. ಆ ವೃತ್ತದೊಳಗೆ ಬಿದ್ದದ್ದನ್ನೆಲ್ಲ ಯಂತ್ರ ಮೇಜಿಗೆ ಕಳಿಸುವ ಮೊದಲೇ ಪ್ರಭೆ ಎಂದು ಕಿತ್ತು, ನಾಲ್ಕನೇ ಮೇಜಿನ ಹೆಸರಿನಲ್ಲಿ ಕಡತಕ್ಕೆ ಹಾಕುತ್ತಿತ್ತು. ಪಕ್ಕದಲ್ಲಿ ಬದಲಾಯಿಸಿದ ದಿನಾಂಕವಿತ್ತು.

ಅವಳು ದಿನಾಂಕವನ್ನು ಎರಡು ಸಲ ಓದಿದಳು. ದೊಡ್ಡಕ್ಕನ ರಜೆಯ ಕೊನೆಯ ವಾರ. ಆ ಆರು ವಾರ ಈ ಕುರ್ಚಿಯಲ್ಲಿ ಕೂತು ಎರಡು ಮೇಜು ನೋಡಿಕೊಂಡವಳು ಅವಳೇ.

ಆಗ ಹುಣ್ಣಿಮೆಯಿತ್ತು. ದಿನಕ್ಕೆ ನಲವತ್ತು ಐವತ್ತು ಚುಕ್ಕೆಗಳು ಬಂದು ಬೀಳುತ್ತಿದ್ದವು. ಒಂದನ್ನೂ ನಂಬಲಾಗುತ್ತಿರಲಿಲ್ಲ, ಯಾವುದನ್ನೂ ಬಿಡಲೂ ಧೈರ್ಯವಿರಲಿಲ್ಲ. ಮನೆಗೆ ಹೋದ ಮೇಲೂ ಕಣ್ಣು ಮುಚ್ಚಿದರೆ ಅವೇ. ನಂಬಲಾಗದ್ದು ಕಣ್ಣಿಗೇ ಬೀಳದಿದ್ದರೆ ಒಳ್ಳೆಯದೆನ್ನಿಸಿ ಒಂದು ಮಧ್ಯಾಹ್ನ ಐದರ ಎಡಕ್ಕೆ ಒಂದು ಒಂದನ್ನು ಸೇರಿಸಿ ಹದಿನೈದು ಮಾಡಿದ್ದಳು. ಹುಣ್ಣಿಮೆ ಕಳೆಯಲಿ, ಮತ್ತೆ ಇಳಿಸಿದರಾಯಿತು ಎಂದುಕೊಂಡಿದ್ದಳು. ಆ ಮಧ್ಯಾಹ್ನ ಎಷ್ಟು ಹಗುರವಾಗಿತ್ತೆಂಬುದು ಅವಳಿಗೆ ಈಗ ನೆನಪಾಯಿತು. ಆಮೇಲೆ ಸೋಮವಾರ ದೊಡ್ಡಕ್ಕ ಬಂದರು, ಎಲ್ಲರೂ ಮಾತಾಡಿಸಿದರು, ಅವಳು ಎದ್ದು ತನ್ನ ಮೇಜಿಗೆ ಹೋದಳು. ಮೂವತ್ತು ದಿನ ಕಳೆದ ಮೇಲೆ ಸಾಲುಗಳು ಒಂದೊಂದಾಗಿ ಕೆಂಪಾದವು.

ಬಾಗಿಲಿಗೆ ಬೀಗ ಹಾಕಿ ಅರ್ಧ ಮೆಟ್ಟಿಲು ಇಳಿದು ಮತ್ತೆ ಹತ್ತಿ ಬಂದು ಎಳೆದು ನೋಡುವವಳು ಅವಳು. ಇದೊಂದನ್ನು ಮಾತ್ರ ಎಳೆದು ನೋಡಿರಲಿಲ್ಲ.

ಐದು ಡಿಗ್ರಿಗೆ ಇಳಿಸಿದಳು. ಕಡತದ ನೂರ ನಲವತ್ತು ಚುಕ್ಕೆಗಳನ್ನೂ ತೆರೆದಳು. ಹನ್ನೆರಡು ಗಂಟೆಯ ಹೊತ್ತಿಗೆ ಗಿರಗಿಟ್ಟಲೆ ಸಿಕ್ಕಿತು, ದೊಡ್ಡಕ್ಕನ ನೋಟುಪುಸ್ತಕದಲ್ಲಿ ಬರೆದ ಜಾಗದಿಂದ ಅರ್ಧ ಡಿಗ್ರಿಯೂ ಆಚೀಚೆ ಇರಲಿಲ್ಲ. ಡಬ್ಬ ಸಿಕ್ಕಿತು, ಸೋಮಾರಿ ಸಿಕ್ಕಿತು, ಬೀಗರಿಬ್ಬರೂ ಸಿಕ್ಕರು. ಮುಚ್ಚಳ ಮಾತ್ರ ಸಿಗಲಿಲ್ಲ. ಗಾಡಿಯ ದಾರಿಗೆ ಯಾವುದೂ ಅಡ್ಡವಿರಲಿಲ್ಲ. ಮುಚ್ಚಳ ತಟ್ಟೆಯಷ್ಟಗಲದ ತಗಡು, ಅದೊಂದಕ್ಕೆ ಸಹಿ ನಿಲ್ಲುವುದಿಲ್ಲ.

"ಅಯ್ಯಬ್ಬಾ!" ಮುಖ್ಯಸ್ಥರು ಕುರ್ಚಿಯಿಂದ ಎದ್ದೇ ಬಿಟ್ಟರು. "ದೊಡ್ಡಕ್ಕ ಎದ್ದುಹೋಗಿ ಒಂದು ದಿನ ಪೂರ್ತಿ ಆಗಿಲ್ಲ! ಐದೂ?"

"ಸರ್, ಅದು, ವೃತ್ತದ ಅಳತೆ..."

ಮುಖ್ಯಸ್ಥರು ಅಂಗೈ ಎತ್ತಿ ಅವಳನ್ನು ತಡೆದರು. ಇನ್ನೊಂದು ಕೈಯಲ್ಲಿ ಆಗಲೇ ಫೋನಿತ್ತು. "ಹೌದು ಸರ್, ಸಿಕ್ಕಿವೆ. ಅದೇ ಸರ್, ನಾನು ನಿನ್ನೆ ಹೇಳಿದ್ನಲ್ಲ. ಕಣ್ಣಿನ ತೊಂದರೆ ಇದ್ದೋರನ್ನ ಬದಲಾಯಿಸಿದ್ವಿ, ಬೇರೇನೂ ಮಾಡಲಿಲ್ಲ. ಒಂದೇ ದಿನ ಸರ್. ಇದಕ್ಕಿಂತ ಸಾಕ್ಷಿ ಬೇಕಾ?"

ಅವಳು ನಿಂತೇ ಇದ್ದಳು. ಸಾಕ್ಷಿ ಎಂಬ ಮಾತು ಕಿವಿಯಲ್ಲಿ ಉಳಿಯಿತು. ವೃತ್ತವನ್ನು ಇಳಿಸದಿದ್ದರೆ ವಸ್ತುಗಳು ಕಳೆದೇ ಇರುತ್ತಿದ್ದವು. ಇಳಿಸಿದ್ದರಿಂದ ದೊಡ್ಡಕ್ಕ ಕಳೆದರು. ಇನ್ನು ಯಾರೂ ಕೇಳುವುದಿಲ್ಲ, ದೊಡ್ಡಕ್ಕನೂ ಕೇಳುವುದಿಲ್ಲ.

ಹೊರಗೆ ಎರಡನೇ ಮೇಜಿನವನು ಬಿಸ್ಕತ್ತಿನ ಪೊಟ್ಟಣ ಒಡೆದು ಹಂಚುತ್ತಿದ್ದ. "ಇವತ್ತಿಂದ ಡೌಟಮ್ಮ ಅಲ್ಲ, ಕ್ಲಿಯರಮ್ಮ!" ಎಂದ. ಅವಳು ಒಂದು ಬಿಸ್ಕತ್ತು ತೆಗೆದುಕೊಂಡಳು. ಸಂಜೆ ಮನೆಗೆ ಹೋಗುವ ತನಕ ಅದು ಕೈಯಲ್ಲೇ ಇತ್ತು.

ಅವಳ ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದ. ದಿನವಿಡೀ ಬೇರೆಯವರ ಬ್ರೇಕಿನ ಮೇಲೆ ಕಾಲಿಟ್ಟು ಕೂತವನು ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ನಿಂತರೆ ಅದೇ ಅವನಿಗೆ ವಿಶ್ರಾಂತಿ. ಅವಳು ಎಲ್ಲವನ್ನೂ ಹೇಳಿದಳು.

"ಇದು ಯಾರಿಗಾದ್ರೂ ಗೊತ್ತಾ?"

"ಇಲ್ಲ."

"ಸರಿ ಮಾಡಿಬಿಟ್ಟಿದೀಯ ತಾನೆ?"

"ಮಾಡಿದೀನಿ. ಆದ್ರೆ ಆ ಪುಟದಲ್ಲಿ ತಾರೀಖಿದೆ."

"ಯಾರೂ ತೆಗಿಯದ ಪುಟ ಅಂದೆ. ಯಾರು ನೋಡ್ತಾರೆ?"

"ನಾನು ನೋಡ್ತೀನಿ."

"ನಿನ್ನ ಮಾತು ಬಿಡು. ನೀನು ಆರಿಸಿದ ಒಲೇನ ಮೂರು ಸಲ ನೋಡೋಳು." ಅವನು ನಕ್ಕ, ಅವಳು ನಗದಿದ್ದದ್ದನ್ನು ನೋಡಿ ಚಾಕು ಕೆಳಗಿಟ್ಟ. "ಹೇಳಿದ್ರೆ ನಿನ್ನನ್ನೇ ಕೆಳಗೆ ಕಳಿಸಬಹುದು."

"ಕಳಿಸಬಹುದು."

"ಅಥವಾ ಮನೆಗೇ ಕಳಿಸಬಹುದು."

ಅವಳು ತಲೆಯಾಡಿಸಿದಳು. ಅವನು ಹೆಚ್ಚಿದ ತರಕಾರಿಯನ್ನು ಮಣೆಯ ಒಂದು ಬದಿಗೆ ಸರಿಸಿದ.

"ಅವರು ಸ್ಕೂಟರ್ ಬಿಟ್ಟಿದಾರೆ ಅಂದ್ಯಲ್ಲ," ಎಂದ ಆಮೇಲೆ. "ಒಬ್ಬ ಹೆಂಗಸು ನಮ್ಮಲ್ಲಿ ಕಲೀತಿದ್ರು, ಚೆನ್ನಾಗೇ ಓಡಿಸ್ತಿದ್ರು. ಒಂದಿನ ಯಾರೋ ಕನ್ನಡಿ ತಪ್ಪಾಗಿ ತಿರುಗಿಸಿ ಇಟ್ಟಿದ್ರು. ಆ ಹೆಂಗಸು ರಿವರ್ಸ್ ತೆಗೀವಾಗ ಹಿಂದೆ ತಗಲಿಸಿದ್ರು. ಆಮೇಲೆ ಕನ್ನಡಿ ಸರಿ ಮಾಡಿ ಕೊಟ್ರೂ ಬರಲಿಲ್ಲ. ಕನ್ನಡಿದು ತಪ್ಪು ಅಂತ ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ." ಚಾಕು ಮತ್ತೆ ಎತ್ತಿಕೊಂಡ. "ತಿರುಗಿಸಿ ಇಟ್ಟಿದ್ದು ನಾನೇ."

ಇಷ್ಟು ವರ್ಷಗಳಲ್ಲಿ ಅವನು ಇದನ್ನು ಹೇಳಿರಲಿಲ್ಲ. ಅವಳು ಅವನ ಮುಖವನ್ನು ನೋಡಿದಳು. ಅವನು ತರಕಾರಿಯನ್ನು ಬೇಕಾದ್ದಕ್ಕಿಂತ ಸಣ್ಣಗೆ ಹೆಚ್ಚುತ್ತಿದ್ದ.

ಬುಧವಾರ ಬೆಳಿಗ್ಗೆ ಅವಳು ಗಾಜಿನ ಗೂಡಿನ ಬಾಗಿಲು ಮುಚ್ಚಿ, ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸಿದಳು. ಮುಖ್ಯಸ್ಥರು ಕೇಳಿದರು. ಬೈಯಲಿಲ್ಲ, ಅದೇ ಅವಳಿಗೆ ಮೊದಲು ಅನುಮಾನ ತಂದದ್ದು.

"ಹೇಳಿದ್ರಿ, ಕೇಳಿಸ್ಕೊಂಡೆ," ಎಂದರು. "ಈಗ ನಾನು ಹೇಳೋದು ಕೇಳಿ. ನಾಳೆ ಸಹಿ ಹೋಗಬೇಕು. ಮೇಲಿನೋರಿಗೆ ಒಂದು ಕಾರಣ ಬರೆದಾಗಿದೆ. ದೊಡ್ಡಕ್ಕ ತಾವೇ ಒಪ್ಪಿ ಸಹಿ ಹಾಕಿದಾರೆ, ನಾನೇನು ಬಲವಂತ ಮಾಡಲಿಲ್ಲ. ಇವತ್ತು ಹೋಗಿ ಅದು ಕಣ್ಣಲ್ಲ, ನಮ್ಮ ನಿಯಮದ ಪುಟಾನೇ ತಪ್ಪಿತ್ತು ಅಂದ್ರೆ, ಉಳಿದ ಪುಟಗಳು ಸರಿ ಅಂತ ಏನು ಗ್ಯಾರಂಟಿ ಅಂತಾರೆ. ಗಾಡಿ ಹೋಗಲಿ. ಆಮೇಲೆ ನಿಧಾನವಾಗಿ ನೋಡೋಣ."

"ಆಮೇಲೆ ಅಂದ್ರೆ ಯಾವತ್ತು ಸರ್?"

"ಆಮೇಲೆ ಅಂದ್ರೆ ಆಮೇಲಮ್ಮ."

ಅವಳು ಹೊರಗೆ ಬಂದು ನಾಲ್ಕನೇ ಮೇಜಿಗೆ ಕೂತಳು. ಉಳಿದ ಪುಟಗಳು ಎಂಬ ಮಾತು ನೆನಪಾಗಿ ಮೊದಲು ನಾಲ್ಕೂ ಮೇಜುಗಳ ನಿಯಮಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಸರಿಯಾಗಿದ್ದವು. ಆಮೇಲೆ ಅದೇ ವಾರದ ತಿರಸ್ಕೃತ ಚುಕ್ಕೆಗಳ ಕಡತ ತೆರೆದಳು.

ಆ ಕಡತವನ್ನು ಯಾರೂ ಓದುತ್ತಿರಲಿಲ್ಲ, ನಿಜ. ಆದರೆ ಅದರಲ್ಲಿ ಒಂದು ಕಾರಣವನ್ನು ತಿದ್ದಿದರೆ, ತಿದ್ದಿದ ಸಾಲು ಆ ದಿನದ ಬದಲಾವಣೆಯ ಹಾಳೆಗೆ ಹೋಗುತ್ತಿತ್ತು. ಹಾಳೆ ಮಧ್ಯಾಹ್ನ ಎರಡಕ್ಕೆ ತಾನಾಗಿ ಎಲ್ಲ ಮೇಜುಗಳಿಗೆ, ಮೂರೂ ಟೆಲಿಸ್ಕೋಪುಗಳಿಗೆ, ಮೇಲಿನ ಕಚೇರಿಗೆ ಹೊರಡುತ್ತಿತ್ತು. ಎಲ್ಲ ಸಾಲುಗಳನ್ನೂ ಒಟ್ಟಿಗೆ ತಿದ್ದುವ ದಾರಿಯೂ ಇತ್ತು. ಒಟ್ಟಿಗೆ ತಿದ್ದಿದರೆ ಅದು ಕೊನೆಯಲ್ಲಿ ಒಂದೇ ಸಾಲಾಗಿ, ಯಾರ ಕಣ್ಣಿಗೂ ಬೀಳದ ಹಾಗೆ ಹೋಗುತ್ತದೆ. ಅವಳು ಒಂದೊಂದನ್ನೇ ತಿದ್ದಿದಳು. ಚಂದ್ರನ ಪ್ರಭೆ ಎಂದಿದ್ದನ್ನು ಅಳಿಸಿ, ವೃತ್ತದ ಅಳತೆ ತಪ್ಪು, ಹಾಕಿದವರು ಎಂದು ಬರೆದು, ಮುಂದೆ ತನ್ನ ಪೂರ್ತಿ ಹೆಸರು ಬರೆದಳು. ಮತ್ತೆ ಮುಂದಿನದು. ಇಪ್ಪತ್ತನೆಯದರ ಹೊತ್ತಿಗೆ ತನ್ನ ಹೆಸರು ಬೇರೆ ಯಾರದೋ ಹೆಸರಿನ ಹಾಗೆ ಕಾಣತೊಡಗಿತು. ಎಂಬತ್ತರ ಹೊತ್ತಿಗೆ ಏನೂ ಅನ್ನಿಸಲಿಲ್ಲ. ನೂರ ನಲವತ್ತನೆಯದನ್ನು ಒತ್ತಿದಾಗ ಒಂದೂ ಮುಕ್ಕಾಲು.

ಎರಡು ಗಂಟೆ ಐದು ನಿಮಿಷಕ್ಕೆ ಎರಡನೇ ಮೇಜಿನವನ ಕುರ್ಚಿ ಕಿರುಗುಟ್ಟಿತು. "ಡೌಟಮ್ಮ," ಎಂದ ಅವನು. ದನಿಯಲ್ಲಿ ಹಾಸ್ಯವಿರಲಿಲ್ಲ. "ಇದೇನಿದು? ಎಷ್ಟು ಸರಿಸಿದ್ರೂ ನಿನ್ನ ಹೆಸರೇ ಬರ್ತಿದೆಯಲ್ಲ."

ಗಾಜಿನ ಗೂಡಿನೊಳಗೆ ಫೋನು ಬಡಿದುಕೊಳ್ಳತೊಡಗಿತು. ಮುಖ್ಯಸ್ಥರು ಎದ್ದು ನಿಂತು ಅವಳ ಕಡೆಗೇ ನೋಡುತ್ತಿದ್ದರು, ಫೋನು ಎತ್ತದೆ. ಅವಳು ಮೇಜಿನ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.

ಕೆಳಗಿನ ಕೋಣೆಗೆ ಕಿಟಕಿಯಿರಲಿಲ್ಲ. ಕಬ್ಬಿಣದ ಕಪಾಟುಗಳ ನಡುವೆ ಒಂದು ಟ್ಯೂಬ್‌ಲೈಟಿನ ಕೆಳಗೆ ದೊಡ್ಡಕ್ಕ ಹಳೆಯ ಡಿಸ್ಕುಗಳಿಗೆ ಅಂಕಿಯ ಚೀಟಿ ಅಂಟಿಸುತ್ತಿದ್ದರು. ಪ್ರತಿ ಚೀಟಿಯನ್ನೂ ಕೈಯಳತೆ ದೂರದಲ್ಲಿ ಹಿಡಿದು, ಅಂಟಿಸಿ, ಬೆರಳಿನಿಂದ ಸವರಿ ನೋಡುತ್ತಿದ್ದರು.

"ಬಾರೆ. ಐದು ಸಿಕ್ವಂತೆ? ಮೇಲಿನ ಗಲಾಟೆ ಇಲ್ಲೀತನಕ ಕೇಳಿಸ್ತು. ನಾನು ಹೇಳಿದ್ನಲ್ಲ, ಎಳೇ ಕಣ್ಣು ಅಂತ."

"ದೊಡ್ಡಕ್ಕ, ಅದು ನಿಮ್ಮ ಕಣ್ಣಲ್ಲ," ಎಂದಳು ಅವಳು. "ನಾನು. ನೀವು ರಜದಲ್ಲಿದ್ದಾಗ ಪ್ರಭೆಯ ವೃತ್ತ ದೊಡ್ಡದು ಮಾಡಿದ್ದೆ. ಇಳಿಸೋದು ಮರೆತೆ. ನಿಮ್ಮ ಮೇಜಿಗೆ ಆ ಚುಕ್ಕೆಗಳು ಬರ್ತಾನೇ ಇರಲಿಲ್ಲ. ಯಾರು ಕೂತಿದ್ರೂ ಕಾಣ್ತಿರಲಿಲ್ಲ."

ದೊಡ್ಡಕ್ಕ ಕೈಯಲ್ಲಿದ್ದ ಚೀಟಿ ಅಂಟಿಸಿದರು. ಅದು ಸೊಟ್ಟಗೆ ಕೂತಿತು. ಕಿತ್ತು ಮತ್ತೆ ಅಂಟಿಸಿದರು.

"ಎಷ್ಟು ಮಾಡಿದ್ದೆ?"

"ಹದಿನೈದು."

"ಹದಿನೈದು!" ದೊಡ್ಡಕ್ಕ ಅವಳ ಕಡೆ ತಿರುಗಿದರು. "ಚಂದ್ರನ ಸುತ್ತ ಊರಿಗೆ ಊರೇ ಅಳಿಸಿದ್ಯಲ್ಲೇ." ನಗುತ್ತಾರೆ ಎಂದುಕೊಂಡಳು ಅವಳು. ಅವರು ನಗಲಿಲ್ಲ. "ಎರಡು ತಿಂಗಳು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದೀನಿ, ಅದನ್ನ ಮುಚ್ಚಿ ಇದರಲ್ಲಿ ನೋಡಿದೀನಿ, ಯಾವುದು ಕೆಟ್ಟಿದೆ ಅಂತ ತಿಳ್ಕೊಳ್ಳೋಕೆ. ಮೊಮ್ಮಗು ಎತ್ಕೊಂಡು ಮೆಟ್ಟಿಲು ಇಳಿಯೋದು ಬಿಟ್ಟಿದೀನಿ. ಸೊಸೆ ಯಾಕೆ ಅಂತ ಕೇಳಿದ್ರೆ ಮಂಡಿ ನೋವು ಅಂದಿದೀನಿ."

"ದೊಡ್ಡಕ್ಕ..."

"ಸುಮ್ನಿರು ಸ್ವಲ್ಪ."

ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ಮೇಲೆ ಯಾರೋ ಕೋಣೆಯ ಈ ತುದಿಯಿಂದ ಆ ತುದಿಗೆ ಜೋರಾಗಿ ನಡೆದು ಹೋದರು. ದೊಡ್ಡಕ್ಕ ಕನ್ನಡಕ ತೆಗೆದು, ಮಡಚಿ, ಡಬ್ಬಿಯಲ್ಲಿಟ್ಟು ಮುಚ್ಚಿದರು.

"ಸಿಗದೇ ಇದ್ದಿದ್ದು ಯಾವುದು?"

"ಮುಚ್ಚಳ."

"ತೊಳೆಯದೇ ಇರೋ ಚಿತ್ರ ಇದೆಯಾ? ತೆಗಿ."

ಅವಳು ಡಿಸ್ಕುಗಳ ರಾಶಿಯ ಮೇಲೆ ಲ್ಯಾಪ್‌ಟಾಪಿಟ್ಟು ಆ ದಿನ ಬಂದ ಮೂಲ ಚಿತ್ರಗಳನ್ನು ತೆರೆದಳು. ಚಂದ್ರನ ಬೆಳಕು ಒಂದು ಮೂಲೆಯಿಂದ ಹಾಲು ಚೆಲ್ಲಿದ ಹಾಗೆ ಹರಡಿತ್ತು, ಅದರೊಳಗೆ ಯಾರೂ ಹುಡುಕುವುದಿಲ್ಲ. ದೊಡ್ಡಕ್ಕ ಬಾಗಲಿಲ್ಲ. ನೆಟ್ಟಗೆ ಕೂತು, ಎರಡೂ ಕಣ್ಣು ತೆರೆದು, ಬೆಳಕಿನ ಆ ಮೂಲೆಯನ್ನೇ ನೋಡಿದರು. ಅವಳು ಚಿತ್ರವನ್ನು ಬಿಟ್ಟು ದೊಡ್ಡಕ್ಕನ ಕಣ್ಣುಗಳನ್ನು ನೋಡುತ್ತಿದ್ದಳು. ನಿಜವಾಗಿ ಸರಿಯಿವೆಯೇ? ನೀರಾಡುತ್ತಿವೆಯಲ್ಲ?

"ಇದು," ಎಂದು ದೊಡ್ಡಕ್ಕ ಬಿಳುಪಿನ ನಡುವೆ ಒಂದು ಕಡೆ ಬೆರಳು ಇಟ್ಟು ತೆಗೆದರು.

ಅಲ್ಲಿ ಸೂಜಿಮೊನೆಯಷ್ಟು ಏನೋ ಇತ್ತು. ಪರದೆಯ ಮೇಲಿನ ಧೂಳು ಎನ್ನಿಸಿತು ಅವಳಿಗೆ. ತೋಳಿನ ಅಂಚು ಎಳೆದುಕೊಂಡು ಒರೆಸಿದಳು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿ ಒರೆಸಿದಳು. ದೊಡ್ಡಕ್ಕ ಕೈ ಮುಂದೆ ಚಾಚಿ ಗುಂಡಿ ಒತ್ತಿದರು. ಎರಡನೇ ಚಿತ್ರ ಬಂತು. ಅದು ಒಂದು ಕೂದಲೆಳೆಯಷ್ಟು ಬಲಕ್ಕೆ ಸರಿದಿತ್ತು.